ಪ್ಯಾರಿಸ್‌ನ ಪಲೇ ಗಾರ್ನಿಯೇ ಒಪೆರಾ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಯಾರಿಸ್‌ಗೆ ಹೊರಟವರು ಐಫೆಲ್ ಗೋಪುರದ ಬಗ್ಗೆ ಏನನ್ನೂ ಕೇಳುವುದಿಲ್ಲ, ಅದು ಅವರಿಗೆ ಮೊದಲೇ ಗೊತ್ತು. ಊರ ನಡುವೆ ಹಸಿರು ಗುಮ್ಮಟ ಹೊತ್ತು, ಚಿನ್ನದ ಬೊಂಬೆಗಳನ್ನು ನೆತ್ತಿಯ ಮೇಲೆ ನಿಲ್ಲಿಸಿಕೊಂಡಿರುವ ಆ ಕಟ್ಟಡ ಯಾವುದು ಎಂಬ ಪ್ರಶ್ನೆ ಹೋಗಿ ಬಂದ ಮೇಲೆ ಶುರುವಾಗುತ್ತದೆ. ಒಂದಕ್ಕೆ ಉತ್ತರ ಹೇಳಿದರೆ ಇನ್ನೆರಡು ಹುಟ್ಟುತ್ತವೆ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಒಪೆರಾ ಎಂದರೆ ನಮ್ಮ ಯಕ್ಷಗಾನದ ಹಾಗೆಯೇ?

ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿ ಕುಣಿದು ಅರ್ಥ ಹೇಳುತ್ತಾನೆ. ಒಪೆರಾದಲ್ಲಿ ಪಾತ್ರಧಾರಿಯೇ ಹಾಡಬೇಕು. ಪ್ರೇಮ, ಜಗಳ, ಸಾವು ಎಲ್ಲವೂ ಹಾಡಿನಲ್ಲೇ ನಡೆಯುತ್ತವೆ. ಕಂಪನಿ ನಾಟಕಗಳ ನಟರು ತಮ್ಮ ರಂಗಗೀತೆಗಳನ್ನು ತಾವೇ ಹಾಡುತ್ತಿದ್ದುದು ಇದಕ್ಕೆ ಇನ್ನಷ್ಟು ಹತ್ತಿರ. ಒಪೆರಾದಲ್ಲಿ ಮೈಕ್ ಇರುವುದಿಲ್ಲ. ರಂಗದ ಮುಂದಿನ ತಗ್ಗಿನಲ್ಲಿ ಕುಳಿತ ಹತ್ತಾರು ವಾದ್ಯಗಳನ್ನು ದಾಟಿ ಬರಿಗಂಟಲಿನ ದನಿ ಮೇಲಿನ ಕೊನೆಯ ಸಾಲಿಗೆ ಮುಟ್ಟಬೇಕು. ಒಪೆರಾ ಮನೆ ಕಟ್ಟುವವನ ಅರ್ಧ ತಲೆನೋವು ಇದು. ಪ್ಯಾರಿಸ್‌ನಲ್ಲಿ ಉಳಿದರ್ಧ ಬೇರೆಯೇ ಇತ್ತು: ಬಂದವರು ಒಬ್ಬರನ್ನೊಬ್ಬರು ಚೆನ್ನಾಗಿ ನೋಡುವಂತಿರಬೇಕು.

ಅರಮನೆ ಎನ್ನುತ್ತಾರಲ್ಲ, ಅಲ್ಲಿ ಯಾವ ರಾಜ ಇದ್ದ?

ಯಾರೂ ಇರಲಿಲ್ಲ. ಫ್ರೆಂಚರು ಭವ್ಯವಾದ ಸಾರ್ವಜನಿಕ ಕಟ್ಟಡಗಳನ್ನೂ 'ಪಲೇ', ಅಂದರೆ ಅರಮನೆ, ಎಂದೇ ಕರೆಯುತ್ತಾರೆ. ಗಾರ್ನಿಯೇ ಎನ್ನುವುದು ಕಟ್ಟಿದ ವಾಸ್ತುಶಿಲ್ಪಿಯ ಹೆಸರು. ಬಹುಕಾಲ ಜನ ಇದನ್ನು ಬರಿದೇ ಒಪೆರಾ ಎಂದರೆ ಸಾಕಾಗಿತ್ತು. ಇಂದಿಗೂ ಎದುರಿನ ಮೆಟ್ರೋ ನಿಲ್ದಾಣದ ಹೆಸರು ಅಷ್ಟೇ. 1989ರಲ್ಲಿ ಬಾಸ್ತೀಯ್ ಚೌಕದಲ್ಲಿ ಇನ್ನೊಂದು ಒಪೆರಾ ಮನೆ ಎದ್ದ ಮೇಲೆ ಎರಡನ್ನೂ ಬೇರ್ಪಡಿಸಿ ಹೇಳಲು ಈ ಹೆಸರು ಗಟ್ಟಿಯಾಯಿತು.

ಇದನ್ನು ಕಟ್ಟಿಸಬೇಕೆಂಬ ಯೋಚನೆ ಯಾರಿಗೆ, ಏಕೆ ಬಂತು?

ಕಲಾಪ್ರೇಮದಿಂದ ಎಂದು ಹೇಳುವುದು ಸುಲಭ. ಆದರೆ ಕಥೆ ಶುರುವಾಗುವುದು ಬಾಂಬಿನಿಂದ.

1858ರ ಜನವರಿ 14ರ ಸಂಜೆ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ಮತ್ತು ಪತ್ನಿ ಯೂಜೆನಿ ಲ ಪೆಲ್ಟಿಯೇ ಬೀದಿಯಲ್ಲಿದ್ದ ಹಳೆಯ ಒಪೆರಾ ಮನೆಗೆ ಬರುತ್ತಿದ್ದರು. ಇಟಲಿಯ ಕ್ರಾಂತಿಕಾರಿ ಫೆಲಿಚೆ ಒರ್ಸಿನಿ ಮತ್ತು ಅವನ ಸಂಗಡಿಗರು ಅವರ ಸಾರೋಟಿನತ್ತ ಬಾಂಬುಗಳನ್ನು ಎಸೆದರು. ದಂಪತಿ ಪಾರಾದರು. ಎಂಟು ಜನ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಬೀದಿ ಇಕ್ಕಟ್ಟಾಗಿತ್ತು. ಸುರಕ್ಷಿತವಾದ ಹೊಸ ಒಪೆರಾ ಮನೆ ಬೇಕೆಂದು ಚಕ್ರವರ್ತಿ ತೀರ್ಮಾನಿಸಿದ್ದು ಇದರ ನಂತರ.

ಆ ಹಳೆಯ ಕಟ್ಟಡ ಹುಟ್ಟಿದ್ದೂ ಒಂದು ಹತ್ಯೆಯ ನೆರಳಿನಲ್ಲಿಯೇ. 1820ರ ಫೆಬ್ರವರಿಯಲ್ಲಿ ರಾಜವಂಶದ ಬೆರಿ ಡ್ಯೂಕ್‌ನನ್ನು ಆಗಿನ ಒಪೆರಾ ಮನೆಯ ಬಾಗಿಲಲ್ಲಿ ಇರಿದು ಕೊಂದರು. ಆ ಕಟ್ಟಡವನ್ನು ಕೆಡವಿ, ಮರುವರ್ಷ ಲ ಪೆಲ್ಟಿಯೇ ಬೀದಿಯಲ್ಲಿ ತಾತ್ಕಾಲಿಕವಾಗಿ ಇನ್ನೊಂದನ್ನು ಎಬ್ಬಿಸಿದ್ದರು. ತಾತ್ಕಾಲಿಕವಾದದ್ದು ಅರ್ಧ ಶತಮಾನ ಬಾಳಿತು. ಸರಕಾರಿ ಶೆಡ್ಡುಗಳನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಹೊಸ ಕಟ್ಟಡದ ಪಶ್ಚಿಮ ಪಕ್ಕದಲ್ಲಿ ಇಳಿಜಾರಾದ ಜೋಡಿ ದಾರಿಗಳು ಕಾಣುತ್ತವೆ. ಚಕ್ರವರ್ತಿಯ ಸಾರೋಟು ಬೀದಿಯಲ್ಲಿ ನಿಲ್ಲದೆ ಅದರ ಮೇಲೇರಿ ನೇರವಾಗಿ ಕಟ್ಟಡದೊಳಗೆ ಹೋಗಲಿ ಎಂಬ ಏರ್ಪಾಡು ಅದು. ಅವನು ಆ ದಾರಿಯಲ್ಲಿ ಒಮ್ಮೆಯೂ ಬರಲಿಲ್ಲ. ಏಕೆಂದು ಮುಂದೆ ಹೇಳುತ್ತೇನೆ.

ಶಾರ್ಲ್ ಗಾರ್ನಿಯೇ ಆಗಲೇ ಹೆಸರುವಾಸಿಯಾಗಿದ್ದನೇ?

ಇಲ್ಲ. 1860ರ ಕೊನೆಗೆ ಸರಕಾರ ಮುಕ್ತ ಸ್ಪರ್ಧೆ ಸಾರಿದಾಗ ಅವನು ಮೂವತ್ತೈದರ, ಹೇಳಿಕೊಳ್ಳುವಂಥ ಕಟ್ಟಡ ಯಾವುದನ್ನೂ ಕಟ್ಟಿರದ ಮನುಷ್ಯ. ಪ್ಯಾರಿಸ್‌ನ ಬಡಬಗ್ಗರ ಬೀದಿಯಾಗಿದ್ದ ಮುಫ್ತಾರ್‌ನಲ್ಲಿ 1825ರಲ್ಲಿ ಹುಟ್ಟಿದವನು, ಕಮ್ಮಾರನ ಮಗ. 1848ರಲ್ಲಿ ರೋಮ್‌ಗೆ ಹೋಗಿ ಓದುವ ದೊಡ್ಡ ಸರಕಾರಿ ಬಹುಮಾನವನ್ನು ಗೆದ್ದಿದ್ದ. ಗ್ರೀಸ್, ಇಟಲಿಗಳನ್ನು ಸುತ್ತಿ, ಹಳೆಯ ದೇವಾಲಯಗಳು ಒಂದು ಕಾಲಕ್ಕೆ ಬಣ್ಣ ಬಣ್ಣವಾಗಿದ್ದವು ಎಂಬುದನ್ನು ತಲೆಯಲ್ಲಿ ತುಂಬಿಕೊಂಡು ಬಂದಿದ್ದ.

ಸ್ಪರ್ಧೆಗೆ 171 ಮಂದಿ ಬಂದಿದ್ದರು. ಅವರಲ್ಲಿ ಯೂಜೆನಿಯ ಒಲವು ಗಳಿಸಿದ್ದ ಹಿರಿಯ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಕೂಡ ಇದ್ದ, ಮೊದಲ ಸುತ್ತಿನಲ್ಲೇ ಬಿದ್ದುಹೋದ. ಗಾರ್ನಿಯೇ ಮೊದಲ ಸುತ್ತಿನಲ್ಲಿ ಐದನೆಯವನಾಗಿ ಹೇಗೋ ಉಳಿದುಕೊಂಡ. 1861ರ ಎರಡನೆಯ ಸುತ್ತಿನಲ್ಲಿ ತೀರ್ಪುಗಾರರು ಒಮ್ಮತದಿಂದ ಅವನನ್ನೇ ಆರಿಸಿದರು.

ಕಟ್ಟಡದ ಅಡಿಯಲ್ಲಿ ಕೆರೆ ಇದೆಯಂತೆ, ನಿಜವೇ?

ನೀರಿರುವುದು ನಿಜ, ಆದರೆ ಅದು ಕೆರೆಯಲ್ಲ. ಪಾಯ ಅಗೆಯುವಾಗ ಎಣಿಸಿದ್ದಕ್ಕಿಂತ ಬೇಗ ಅಂತರ್ಜಲ ಸಿಕ್ಕಿತು. ಒಪೆರಾ ರಂಗಕ್ಕೆ ಆಳದ ನೆಲಮಾಳಿಗೆ ಬೇಕೇ ಬೇಕು, ಇಡಿಯ ದೃಶ್ಯಗಳೇ ಕೆಳಗಿಳಿದು ಮೇಲೇರುತ್ತವೆ. ಎಂಟು ಉಗಿಪಂಪುಗಳು ತಿಂಗಳುಗಟ್ಟಲೆ ಹಗಲೂ ರಾತ್ರಿ ನೀರೆತ್ತಿದವು. ಆದರೂ ಊಟೆ ಬತ್ತಲಿಲ್ಲ.

ಗಾರ್ನಿಯೇ ಆಗ ಮಾಡಿದ್ದು ಜಾಣತನದ ಕೆಲಸ. ನೀರನ್ನು ಓಡಿಸುವ ಹಟ ಬಿಟ್ಟು, ಜೋಡಿ ಗೋಡೆ ಕಟ್ಟಿ, ಕಮಾನುಗಳ ದೊಡ್ಡ ಕಾಂಕ್ರೀಟ್ ತೊಟ್ಟಿ ಮಾಡಿ ನೀರನ್ನು ಅದರಲ್ಲೇ ಕೂರಿಸಿದ. ತೊಟ್ಟಿಯ ನೀರಿನ ಭಾರವೇ ಕೆಳಗಿಂದ ಒತ್ತುವ ಅಂತರ್ಜಲವನ್ನು ತಡೆಯಿತು. ಬೆಂಕಿ ಬಿದ್ದರೆ ಕೈಗೆಟಕುವ ನೀರೂ ಆಯಿತು. ಗ್ಯಾಸ್ ದೀಪಗಳ ಕಾಲದಲ್ಲಿ ಅದೇನು ಸಣ್ಣ ಮಾತಲ್ಲ. ಇಂದು ಪ್ಯಾರಿಸ್‌ನ ಅಗ್ನಿಶಾಮಕ ದಳದವರು ಆ ಕತ್ತಲ ನೀರಿನಲ್ಲಿ ಮುಳುಗು ತರಬೇತಿ ಪಡೆಯುತ್ತಾರೆ. ಪ್ರವಾಸಿಗಳಿಗೆ ಅಲ್ಲಿಗೆ ಪ್ರವೇಶವಿಲ್ಲ.

1862ರ ಜುಲೈ 21ರಂದು ಅಡಿಗಲ್ಲು ಬಿತ್ತು.

ಮುಗಿಸಲು ಅಷ್ಟು ವರ್ಷ ಏಕೆ ಹಿಡಿಯಿತು?

ಹಣ, ಯುದ್ಧ, ಕ್ರಾಂತಿ ಎಲ್ಲವೂ ಅಡ್ಡ ಬಂದವು. 1867ರಲ್ಲಿ ಪ್ಯಾರಿಸ್‌ನ ಜಾಗತಿಕ ವಸ್ತುಪ್ರದರ್ಶನಕ್ಕೆ ಬಂದವರಿಗೆ ತೋರಿಸಲೆಂದು ಮುಂಭಾಗದ ಅಟ್ಟಣಿಗೆಯನ್ನು ಬಿಚ್ಚಿದರು. ಮುಖ ಸಿದ್ಧವಾಗಿತ್ತು, ಹಿಂದೆ ಮೈ ಇನ್ನೂ ಆಗಿರಲಿಲ್ಲ. 1870ರಲ್ಲಿ ಪ್ರಷ್ಯದೊಂದಿಗೆ ಯುದ್ಧ ಶುರುವಾಯಿತು. ಸೆಪ್ಟೆಂಬರ್‌ನಲ್ಲಿ ಸಾಮ್ರಾಜ್ಯ ಉರುಳಿತು. ಶತ್ರುಗಳು ಊರನ್ನು ಮುತ್ತಿದಾಗ ಅರ್ಧ ಕಟ್ಟಿದ ಒಪೆರಾ ಮನೆ ದವಸಧಾನ್ಯದ ಉಗ್ರಾಣವಾಯಿತು. ಗದ್ದುಗೆ ಕಳೆದುಕೊಂಡ ಮೂರನೆಯ ನೆಪೋಲಿಯನ್ ಇಂಗ್ಲೆಂಡಿಗೆ ಹೋಗಿ 1873ರ ಜನವರಿಯಲ್ಲಿ ಅಲ್ಲೇ ತೀರಿಕೊಂಡ. ಅವನಿಗೆಂದೇ ಕಟ್ಟುತ್ತಿದ್ದ ಪಶ್ಚಿಮದ ಮಂಟಪದ ಕೆಲಸ ಅಲ್ಲಿಗೇ ನಿಂತಿತು. ಉಳಿ ಮುಟ್ಟದ ಕಲ್ಲುಗಳನ್ನು ಈಗಲೂ ಅಲ್ಲಿ ನೋಡಬಹುದು. ದೊರೆಗೆ ಮೀಸಲಾಗಿದ್ದ ಆ ಭಾಗ ಇಂದು ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ.

ಗಣರಾಜ್ಯಕ್ಕೆ ಚಕ್ರವರ್ತಿಯ ಈ ಆಡಂಬರ ಬೇಕಾಗಿರಲಿಲ್ಲ. ಆದರೆ 1873ರ ಅಕ್ಟೋಬರ್ 28ರ ರಾತ್ರಿ ಲ ಪೆಲ್ಟಿಯೇ ಬೀದಿಯ 'ತಾತ್ಕಾಲಿಕ' ಒಪೆರಾ ಮನೆಗೆ ಬೆಂಕಿ ಬಿದ್ದು, ಒಂದು ಹಗಲು ಒಂದು ರಾತ್ರಿಗೂ ಮೀರಿ ಉರಿದು ಬೂದಿಯಾಯಿತು. ಆಡಲು ಬೇರೆ ಜಾಗವಿಲ್ಲ. ನಿಂತಿದ್ದ ಕೆಲಸಕ್ಕೆ ರಾತ್ರೋರಾತ್ರಿ ಜೀವ ಬಂತು.

1875ರ ಜನವರಿ 5ರಂದು ರಾಷ್ಟ್ರಾಧ್ಯಕ್ಷ ಮಾರ್ಷಲ್ ಮ್ಯಾಕ್‌ಮಹೋನ್ ಸಮ್ಮುಖದಲ್ಲಿ ಉದ್ಘಾಟನೆ. ಅಂದು ಗಾರ್ನಿಯೇಗೆ ಗೌರವದ ಆಸನ ಸಿಗಲಿಲ್ಲ. ಎರಡನೆಯ ಅಂತಸ್ತಿನ ಬಾಕ್ಸ್‌ಗೆ, ಅಂದರೆ ಕೆಲವರೇ ಕೂರುವ ಗೂಡಿನಂಥ ಪ್ರತ್ಯೇಕ ಜಾಗಕ್ಕೆ, 120 ಫ್ರಾಂಕ್ ತೆತ್ತು, ತಾನೇ ಕಟ್ಟಿದ ಮನೆಯನ್ನು ಟಿಕೆಟ್ ಕೊಂಡು ಹೊಕ್ಕ. ಹಳೆಯ ದೊರೆಯ ಮನುಷ್ಯ ಎಂಬ ಮುನಿಸು ಹೊಸ ಆಡಳಿತದ್ದು. ಜನ ಮಾತ್ರ ಮೆಟ್ಟಿಲ ಬಳಿ ಅವನನ್ನು ಗುರುತಿಸಿ ಚಪ್ಪಾಳೆ ತಟ್ಟಿದರು.

ಎಷ್ಟು ಖರ್ಚಾಯಿತು?

3 ಕೋಟಿ 60 ಲಕ್ಷ ಫ್ರಾಂಕ್‌ಗಿಂತ ತುಸು ಹೆಚ್ಚು.

ಇದು ಯಾವ ಶೈಲಿಯ ಕಟ್ಟಡ?

ಯೂಜೆನಿಯೂ ಇದನ್ನೇ ಕೇಳಿದ್ದಳಂತೆ. ನಕ್ಷೆ ನೋಡಿ, "ಇದೆಂಥ ಶೈಲಿ? ಹದಿನಾಲ್ಕನೆಯ ಲೂಯಿಯದೂ ಅಲ್ಲ, ಹದಿನೈದನೆಯವನದೂ ಅಲ್ಲ, ಹದಿನಾರನೆಯವನದೂ ಅಲ್ಲ" ಎಂದು ಮೂಗು ಮುರಿದಳು. ಗಾರ್ನಿಯೇ, "ಅವುಗಳ ಕಾಲ ಮುಗಿಯಿತು ಮಹಾರಾಣಿಯವರೇ, ಇದು ಮೂರನೆಯ ನೆಪೋಲಿಯನ್ ಶೈಲಿ" ಎಂದನಂತೆ. ಪ್ಯಾರಿಸ್‌ನವರು ಇಂದಿಗೂ ಹೇಳಿ ನಗುವ ಪ್ರಸಂಗ ಇದು.

ಪುಸ್ತಕಗಳು ಇದನ್ನು ಬೋಜಾರ್ ಎನ್ನುತ್ತವೆ. ಪ್ಯಾರಿಸ್‌ನ ಕಲಾಶಾಲೆ ಕಲಿಸುತ್ತಿದ್ದ ಶಿಸ್ತಿನ ನಕ್ಷೆಯ ಮೇಲೆ ಇಟಲಿಯ ಪುನರುಜ್ಜೀವನ ಕಾಲದ್ದನ್ನೂ ಬರೋಕ್ ಅಲಂಕಾರವನ್ನೂ ಎರಡೂ ಕೈಯಿಂದ ಸುರಿದದ್ದು. ನಕ್ಷೆ ಅಚ್ಚುಕಟ್ಟು: ಮುಂದೆ ಹಜಾರ, ನಂತರ ಮೆಟ್ಟಿಲು, ಸಭಾಂಗಣ, ರಂಗ, ಕೊನೆಗೆ ಕಚೇರಿಗಳು, ಎಲ್ಲವೂ ಒಂದೇ ನೇರದಲ್ಲಿ. ಹೊರಗಿನಿಂದಲೇ ಯಾವುದು ಎಲ್ಲಿದೆ ಎಂದು ಓದಬಹುದು. ತಗ್ಗಾದ ಹಸಿರು ಗುಮ್ಮಟದ ಕೆಳಗೆ ಪ್ರೇಕ್ಷಕರು, ಅದರ ಹಿಂದಿನ ಎತ್ತರದ ಮಾಡಿನ ಕೆಳಗೆ ರಂಗ. ಆ ಮಾಡಿನ ತುದಿಯಲ್ಲಿ ಲೈರ್ ವಾದ್ಯವನ್ನು ಎತ್ತಿ ಹಿಡಿದ ಅಪೊಲೋ ಸಿಡಿಲು ತಡೆಯುವ ಕೆಲಸವನ್ನೂ ಮಾಡುತ್ತಾನೆ.

ಅಲಂಕಾರ ಅತಿಯಾಯಿತೇ ಎಂದರೆ, ಹೌದು, ಅತಿಯಾಯಿತು. ಆದರೆ ಮದುವೆಮನೆಗೆ ಹೋಗಿ ರೇಷ್ಮೆ ಹೆಚ್ಚಾಯಿತು ಎಂದು ಯಾರೂ ದೂರುವುದಿಲ್ಲ.

ಎಲ್ಲವೂ ಕಲ್ಲಿನದೇ?

ಕಾಣುವುದೆಲ್ಲ ಕಲ್ಲು, ಹೊರುವುದರಲ್ಲಿ ಬಹುಪಾಲು ಕಬ್ಬಿಣ. ಮಾಡು, ಗುಮ್ಮಟ, ಸಭಾಂಗಣದ ಅಂತಸ್ತುಗಳು ನಿಂತಿರುವುದು ಕಬ್ಬಿಣದ ತೊಲೆಗಳ ಮೇಲೆ. ಬೆಂಕಿಗೆ ಮರಕ್ಕಿಂತ ಅದು ವಾಸಿ ಎಂಬುದು ಒಂದು ಕಾರಣ. ಆದರೆ ಗಾರ್ನಿಯೇ ಅದನ್ನು ಕಲ್ಲು, ಗಾರೆ, ಚಿನ್ನದ ಬಣ್ಣಗಳ ಹಿಂದೆ ಅಡಗಿಸಿದ. ಕಬ್ಬಿಣ ಎಲುಬಿನ ಹಾಗೆ, ಹೊರಗೆ ಕಾಣಬಾರದು ಎಂಬುದು ಅವನ ಅಭಿರುಚಿ. 1887ರಲ್ಲಿ ಐಫೆಲ್ ಗೋಪುರ ಬೇಡವೆಂದು ಕಲಾವಿದರು ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರತಿಭಟನೆಗೆ ಅವನೂ ಸಹಿ ಹಾಕಿದ. ತಮಾಷೆಯೆಂದರೆ ಅದೇ ದಶಕದಲ್ಲಿ ನೀಸ್ ನಗರದ ಖಗೋಳ ವೀಕ್ಷಣಾಲಯವನ್ನು ಗಾರ್ನಿಯೇ ಕಟ್ಟಿದರೆ ಅದರ ತಿರುಗುವ ಗುಮ್ಮಟವನ್ನು ಮಾಡಿಕೊಟ್ಟವನು ಐಫೆಲ್.

ಮೆಟ್ಟಿಲನ್ನು ನೋಡಲೆಂದೇ ಜನ ಹೋಗುತ್ತಾರಂತೆ, ಅದರಲ್ಲಿ ಅಂಥದ್ದೇನಿದೆ?

ಕಟ್ಟಡ ಸುಮಾರು 11,200 ಚದರ ಮೀಟರ್ ನೆಲವನ್ನು, ಅಂದರೆ ಎರಡೂ ಮುಕ್ಕಾಲು ಎಕರೆಯಷ್ಟನ್ನು, ಆಕ್ರಮಿಸಿದೆ. ಆದರೆ ಆಸನಗಳು 1,979 ಮಾತ್ರ. ಉಳಿದ ಜಾಗವೆಲ್ಲ ಏತಕ್ಕೆ? ಹಿಂದೆ ರಂಗ ಮತ್ತು ಕಲಾವಿದರ ಕೋಣೆಗಳು. ಮುಂದೆ ಮೆಟ್ಟಿಲು, ಮೊಗಸಾಲೆ, ಹಜಾರ.

ಆಗಿನ ಶ್ರೀಮಂತರು ವಾರಕ್ಕೆ ಮೂರು ದಿನ ಬಾಕ್ಸ್‌ಗಳನ್ನು ವರ್ಷದ ಲೆಕ್ಕದಲ್ಲಿ ಹಿಡಿದಿಡುತ್ತಿದ್ದರು. ಹಾಡು ಕೇಳುವುದು ಅವರಿಗೆ ನೆಪ. ಯಾರ ಜೊತೆ ಯಾರು ಬಂದರು, ಯಾರ ಕೊರಳಲ್ಲಿ ಯಾವ ಹಾರ, ಯಾರ ಮಗಳಿಗೆ ಯಾವ ವರ, ಇದೇ ನಿಜವಾದ ನಾಟಕ. ಗಾರ್ನಿಯೇ ಇದನ್ನು ಹಂಗಿಸಲಿಲ್ಲ. ಅದಕ್ಕೆ ತಕ್ಕ ರಂಗ ಕಟ್ಟಿಕೊಟ್ಟ. ಮೂವತ್ತು ಮೀಟರ್ ಎತ್ತರದ ಕಮಾನಿನ ಕೆಳಗೆ ಬಿಳಿ ಅಮೃತಶಿಲೆಯ ಮೆಟ್ಟಿಲು ಅಗಲವಾಗಿ ಏರಿ, ಎರಡು ಕವಲಾಗಿ ಒಡೆಯುತ್ತದೆ. ಕೈಪಿಡಿ ಓನಿಕ್ಸ್ ಕಲ್ಲಿನದು, ಸುತ್ತ ಕೆಂಪು, ಹಸಿರು ಅಮೃತಶಿಲೆ, ಬುಡದಲ್ಲಿ ದೀಪ ಹಿಡಿದ ಕಂಚಿನ ಹೆಂಗಸರು. ನಾಲ್ಕೂ ಕಡೆ ಅಂತಸ್ತು ಅಂತಸ್ತಾಗಿ ಮೊಗಸಾಲೆಗಳಿವೆ. ಮೊದಲೇ ಬಂದವರು ಅಲ್ಲಿ ಒರಗಿ ನಿಂತು ಏರಿ ಬರುವವರನ್ನು ನೋಡುತ್ತಾರೆ. ಏರಿ ಬಂದವರು ಐದು ನಿಮಿಷದಲ್ಲಿ ತಾವೂ ಅಲ್ಲಿ ನಿಂತು ಮುಂದಿನವರನ್ನು ನೋಡುತ್ತಾರೆ. ಮೆಟ್ಟಿಲುಗಳು ತಗ್ಗು, ಅಗಲ. ಉದ್ದ ಲಂಗ ತೊಟ್ಟವರು ಕೆಳಗೆ ನೋಡದೆ, ತಲೆ ಎತ್ತಿಯೇ ಏರಬಹುದು.

ಇಡಿಯ ಕಟ್ಟಡದಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಾಣುವ ಜಾಗ ಇದೇ. ಮುಖ್ಯ ರಂಗದ ಮೇಲೆ ನಟಿಸುತ್ತಾರೆ, ಇಲ್ಲಿ ನಟಿಸುತ್ತಿಲ್ಲ ಎಂದು ನಟಿಸುತ್ತಾರೆ.

ಮೆಟ್ಟಿಲ ಅಡಿಗೆ ಹೋಗುವುದನ್ನು ಮರೆಯಬೇಡಿ. ಅಲ್ಲಿನ ಪುಟ್ಟ ಕೊಳದ ಬಳಿ ಭವಿಷ್ಯ ನುಡಿಯುವ ಪೈಥಿಯಾ ಎಂಬ ಗ್ರೀಕ್ ಹೆಂಗಸಿನ ಕಂಚಿನ ವಿಗ್ರಹವಿದೆ. ಅದನ್ನು ಮಾಡಿದ ಶಿಲ್ಪಿಯ ಹೆಸರು ಮಾರ್ಚೆಲ್ಲೋ ಎಂದಿದೆ. ಗಂಡಸಿನ ಹೆಸರಿನ ಹಿಂದೆ ಇದ್ದವಳು ಅಡೆಲ್ ದಫ್ರಿ ಎಂಬ ಸ್ವಿಸ್ ಮಹಿಳೆ.

ಮುಂಭಾಗದ ಒಂದು ಶಿಲ್ಪಕ್ಕೆ ಮಸಿ ಎರಚಿದ್ದರಂತೆ?

ಹೌದು. ಮುಂಬಾಗಿಲಿನ ಬಲಗಡೆ ಕಾರ್ಪೊ ಕೆತ್ತಿದ 'ನೃತ್ಯ' ಎಂಬ ಗುಂಪು ಇದೆ. ಉಳಿದ ಶಿಲ್ಪಿಗಳು ಗಂಭೀರವಾಗಿ ನಿಂತ ಮೂರ್ತಿಗಳನ್ನು ಕೊಟ್ಟರು. ಕಾರ್ಪೊ ನಗುತ್ತ, ಏದುಸಿರು ಬಿಡುತ್ತ, ಬೀಳುವಂತೆ ಸುತ್ತುವ ಬೆತ್ತಲೆ ಹೆಂಗಸರನ್ನು ಕೆತ್ತಿದ. 1869ರಲ್ಲಿ ಪರದೆ ಸರಿಸಿದಾಗ ಸಭ್ಯರು ಹೌಹಾರಿದರು. ಆಗಸ್ಟ್‌ನ ಒಂದು ರಾತ್ರಿ ಯಾರೋ ಮಸಿಯ ಸೀಸೆ ಎಸೆದರು. ಸರಕಾರ ಹೆದರಿ ಬೇರೆ ಶಿಲ್ಪಿಗೆ ಸೌಮ್ಯವಾದ ಇನ್ನೊಂದನ್ನು ಮಾಡಲು ಹೇಳಿತು. ಅಷ್ಟರಲ್ಲಿ ಯುದ್ಧ ಬಂತು, ಆ ಶಿಲ್ಪಿ ತೀರಿಕೊಂಡ, ವಿವಾದ ಮರೆತುಹೋಯಿತು, ನರ್ತಕಿಯರು ಅಲ್ಲೇ ಉಳಿದರು.

ಈಗ ಅಲ್ಲಿರುವುದು ಪ್ರತಿ. ಊರ ಹೊಗೆಗೆ ಸವೆಯುತ್ತಿದ್ದ ಮೂಲವನ್ನು 1964ರಲ್ಲಿ ತೆಗೆದರು. ಅದನ್ನು ಇಂದು ಒರ್ಸೆ ವಸ್ತುಸಂಗ್ರಹಾಲಯದಲ್ಲಿ ಹತ್ತಿರದಿಂದ ನೋಡಬಹುದು. ಹತ್ತಿರದಿಂದ ನೋಡಿದರೇ ಚೆನ್ನ.

ತೂಗುದೀಪ ಬಿದ್ದು ಜನ ಸತ್ತರು ಎನ್ನುವುದು?

'ಫ್ಯಾಂಟಮ್ ಆಫ್ ದಿ ಒಪೆರಾ' ಕಾದಂಬರಿಯಲ್ಲಿ ಬಿದ್ದದ್ದು ದೀಪದ ಗೊಂಚಲು, ನಿಜದಲ್ಲಿ ಬಿದ್ದದ್ದು ಅದನ್ನು ಸಮತೂಕದಲ್ಲಿಡುವ ಭಾರದ ತುಂಡು. 1896ರ ಮೇ 20ರಂದು ಪ್ರದರ್ಶನ ನಡೆಯುತ್ತಿದ್ದಾಗ ಅದು ಚಾವಣಿ ತೂರಿ ಬಿದ್ದು ಒಬ್ಬ ಹೆಂಗಸು ಸತ್ತಳು. ಗೊಂಚಲು ತನ್ನ ಜಾಗದಲ್ಲೇ ಇತ್ತು, ಈಗಲೂ ಇದೆ. ಕಂಚು ಮತ್ತು ಸ್ಫಟಿಕದ, ಏಳು ಟನ್ನಿನಷ್ಟು ತೂಗುವ, 340 ದೀಪಗಳ ಈ ಗೊಂಚಲನ್ನು ವಿನ್ಯಾಸ ಮಾಡಿದವನೂ ಗಾರ್ನಿಯೇ. ಮೊದಲು ಗ್ಯಾಸಿನಿಂದ ಉರಿಯುತ್ತಿತ್ತು, 1880ರ ದಶಕದಲ್ಲಿ ವಿದ್ಯುತ್ ಬಂತು. ಮೇಲಿನ ಅಂತಸ್ತಿನವರಿಗೆ ರಂಗಕ್ಕೆ ಅಡ್ಡವಾಗುತ್ತದೆ ಎಂಬ ದೂರು ಮೊದಲ ದಿನದಿಂದ ಇದೆ.

ಹಳೆಯ ಸಭಾಂಗಣಕ್ಕೆ ಅಷ್ಟು ಹೊಸ ಕಾಲದ ಚಾವಣಿ ಚಿತ್ರ ಹೇಗೆ ಬಂತು?

ತಲೆ ಎತ್ತಿದವರೆಲ್ಲ ಇದನ್ನು ಕೇಳುತ್ತಾರೆ. ಕೆಂಪು ಮಖಮಲ್ಲು, ಚಿನ್ನದ ಗಾರೆ ಕೆಲಸ, ಅದರ ನಡುವೆ ಹಾರಾಡುವ ನೀಲಿ, ಹಳದಿ, ಹಸಿರು ಬಣ್ಣದ ಮನುಷ್ಯರು. ಮೂಲದಲ್ಲಿ ಲೆನ್‌ವ ಎಂಬ ಕಲಾವಿದ ಬಿಡಿಸಿದ ಸಾಂಪ್ರದಾಯಿಕ ಚಿತ್ರವಿತ್ತು. 1960ರ ದಶಕದ ಮೊದಲಲ್ಲಿ ಸಂಸ್ಕೃತಿ ಸಚಿವನಾಗಿದ್ದ ಆಂದ್ರೆ ಮಾಲ್ರೋ ಹೊಸ ಚಿತ್ರಕ್ಕಾಗಿ ಮಾರ್ಕ್ ಶಗಾಲ್‌ನನ್ನು ಕೇಳಿಕೊಂಡ. ಗಲಾಟೆಯೋ ಗಲಾಟೆ. ಹಳೆಯ ಸ್ಮಾರಕದಲ್ಲಿ ಆಧುನಿಕ ಚಿತ್ರವೇ ಎಂದರು ಕೆಲವರು. ಇನ್ನು ಕೆಲವರಿಗೆ ಅವನು ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿದ ಯಹೂದಿ ಎಂಬುದೇ ನುಂಗಲಾರದ ತುತ್ತಾಗಿತ್ತು.

1964ರ ಸೆಪ್ಟೆಂಬರ್ 23ರಂದು ಚಿತ್ರ ಅನಾವರಣಗೊಂಡಿತು. ಶಗಾಲ್‌ಗೆ ಆಗ 77 ವರ್ಷ. ಸಂಭಾವನೆ ತೆಗೆದುಕೊಳ್ಳಲಿಲ್ಲ. ಮೊಜಾರ್ಟ್, ವ್ಯಾಗ್ನರ್, ಚೈಕೋವ್ಸ್ಕಿ, ಸ್ಟ್ರಾವಿನ್ಸ್ಕಿ, ದೆಬ್ಯುಸಿ ಹೀಗೆ ಹದಿನಾಲ್ಕು ಸಂಗೀತಗಾರರು ತಮ್ಮ ಕೃತಿಗಳ ಪಾತ್ರಗಳೊಂದಿಗೆ ಅಲ್ಲಿ ತೇಲುತ್ತಾರೆ. ಗಾರ್ನಿಯೇ ಬೇಡವೆಂದಿದ್ದ ಐಫೆಲ್ ಗೋಪುರವೂ ಅವರ ನಡುವೆ ಹೊಕ್ಕಿದೆ.

ಲೆನ್‌ವನ ಚಿತ್ರವನ್ನು ಅಳಿಸಲಿಲ್ಲ. ಶಗಾಲ್ ಚಿತ್ರವನ್ನು ಬಿಚ್ಚಬಹುದಾದ ಚೌಕಟ್ಟಿನ ಮೇಲೆ ಅದರ ಕೆಳಗೆ ಕೂರಿಸಿದ್ದಾರೆ. ಎರಡರ ನಡುವೆ ಒಂದು ಗೇಣೂ ಇಲ್ಲ. ಸುಣ್ಣ ಬಳಿದು ಹಳೆಯ ಭಿತ್ತಿಚಿತ್ರ ಮುಚ್ಚಿದ ಗುಡಿಗಳನ್ನು ಕಂಡವನಿಗೆ ಈ ಜಾಗ್ರತೆ ಹೊಟ್ಟೆಕಿಚ್ಚು ತರಿಸುತ್ತದೆ.

ದನಿ ಚೆನ್ನಾಗಿ ಕೇಳಲು ಗಾರ್ನಿಯೇ ಯಾವ ಲೆಕ್ಕ ಹಾಕಿದ್ದ?

ಯಾವ ಲೆಕ್ಕವನ್ನೂ ಹಾಕಿರಲಿಲ್ಲ. ಅವನೇ ಬರೆದುಕೊಂಡಿದ್ದಾನೆ. ಯೂರೋಪಿನ ರಂಗಮಂದಿರಗಳನ್ನು ನೋಡಿದ, ಬಲ್ಲವರನ್ನು ಕೇಳಿದ, ಪುಸ್ತಕ ಓದಿದ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ವಿರುದ್ಧ. ಕೊನೆಗೆ ಎಲ್ಲವನ್ನೂ ಅದೃಷ್ಟಕ್ಕೆ ಬಿಟ್ಟು, ಮೇಲೇರುವ ಬಲೂನಿನ ಹಗ್ಗಕ್ಕೆ ಕಣ್ಣು ಮುಚ್ಚಿ ಜೋತುಬಿದ್ದ ದೊಂಬರಾಟದವನ ಹಾಗೆ ಮುಂದುವರಿದೆ ಎನ್ನುತ್ತಾನೆ. ಹಗ್ಗ ಹರಿಯಲಿಲ್ಲ. ಕುದುರೆ ಲಾಳದ ಆಕಾರದ ಸಭಾಂಗಣ, ಮಖಮಲ್ಲು, ಉಬ್ಬು ತಗ್ಗಿನ ಅಲಂಕಾರ ಎಲ್ಲ ಸೇರಿ ದನಿಯನ್ನು ಚೆನ್ನಾಗಿಯೇ ಒಯ್ಯುತ್ತವೆ.

ಭೂತ ಇದೆಯೇ?

'ಫ್ಯಾಂಟಮ್ ಆಫ್ ದಿ ಒಪೆರಾ' ಓದಿದವರು, ನೋಡಿದವರು ಕೇಳುವ ಪ್ರಶ್ನೆ. ಪತ್ರಕರ್ತನಾಗಿದ್ದ ಗಾಸ್ತೋ ಲರೂ 1909-10ರಲ್ಲಿ ಅದನ್ನು ಧಾರಾವಾಹಿಯಾಗಿ ಬರೆದ. ನೆಲದಡಿಯ ತೊಟ್ಟಿ ಅವನ ಕೈಯಲ್ಲಿ ದೋಣಿ ಸಾಗುವ ಸರೋವರವಾಯಿತು, 1896ರ ಅವಘಡ ದೀಪದ ಗೊಂಚಲಿನ ಪತನವಾಯಿತು. ಭೂತ ತನಗೆಂದು ಕಾದಿರಿಸಿಕೊಂಡ ಐದನೆಯ ಸಂಖ್ಯೆಯ ಬಾಕ್ಸ್ ಇಂದಿಗೂ ಇದೆ. ಬಾಗಿಲ ಮೇಲೆ 'ಒಪೆರಾ ಭೂತದ ಬಾಕ್ಸ್' ಎಂಬ ಫಲಕವನ್ನೂ ಹಾಕಿದ್ದಾರೆ. ಒಳ್ಳೆಯ ವ್ಯಾಪಾರ.

ಭಾರತದ ಕಥೆಗಳೇನಾದರೂ ಅಲ್ಲಿ ಆಡಿದ್ದಾರೆಯೇ?

ಆಡಿದ್ದಾರೆ. ಬಾಗಿಲು ತೆರೆದ ಎರಡೇ ವರ್ಷಕ್ಕೆ, 1877ರ ಏಪ್ರಿಲ್ 27ರಂದು, ಮಾಸ್ನೆ ಎಂಬ ತರುಣ ಸಂಗೀತಗಾರನ 'ಲಾಹೋರಿನ ರಾಜ' ಅಲ್ಲಿ ಮೊದಲ ಸಲ ರಂಗಕ್ಕೆ ಬಂತು. ಮಹಮೂದನ ದಾಳಿಯ ಕಾಲ. ಯುದ್ಧದಲ್ಲಿ ಸತ್ತ ರಾಜ ಇಂದ್ರನ ಸ್ವರ್ಗಕ್ಕೆ ಹೋಗುತ್ತಾನೆ. ಪ್ರಿಯೆಯನ್ನು ಮರೆಯಲಾರದೆ ಇಂದ್ರನನ್ನು ಬೇಡಿ ಮತ್ತೆ ಭೂಮಿಗೆ ಇಳಿಯುತ್ತಾನೆ. ಮೂರನೆಯ ಅಂಕ ಪೂರ್ತಿ ಸ್ವರ್ಗಲೋಕ, ಅಪ್ಸರೆಯರ ಕುಣಿತ. ಹೊಸ ರಂಗದ ವೈಭವವನ್ನು ತೋರಿಸಲು ಅದಕ್ಕಿಂತ ಬೇಕೇ?

ಹೆಸರುಗಳನ್ನು ಕೇಳಿದರೆ ನಮಗೆ ನಗು ತಡೆಯುವುದು ಕಷ್ಟ. ಹಿಂದೂ ರಾಜನ ಹೆಸರು ಆಲಿಮ್. ಇಂದ್ರನ ಗುಡಿಯ ಪ್ರಧಾನ ಅರ್ಚಕ ತೈಮೂರ್. ನಾಯಕಿ ಸೀತಾ, ಖಳನಾಯಕ ಸಿಂಧಿಯಾ. ಪ್ಯಾರಿಸ್‌ನಿಂದ ನೋಡಿದಾಗ ಪೂರ್ವದೇಶವೆಲ್ಲ ಒಂದೇ ಬಟ್ಟೆಯ ತುಂಡಾಗಿ ಕಂಡಿರಬೇಕು.

ಭಾರತವನ್ನು ಕಣ್ಣಾರೆ ಕಂಡವನು ಸಂಗೀತಗಾರ ಆಲ್ಬೇರ್ ರೂಸೆಲ್. 1909ರಲ್ಲಿ ಇಲ್ಲಿ ಸುತ್ತಾಡಿ, ಚಿತ್ತೋರಿನ ಹಾಳು ಕೋಟೆಯನ್ನು ನೋಡಿ ಹೋದವನು 'ಪದ್ಮಾವತಿ' ಬರೆದ. ಅದು 1923ರ ಜೂನ್ 1ರಂದು ಇದೇ ರಂಗವನ್ನೇರಿತು. ಮೂರನೆಯದು ಕುಣಿತದಲ್ಲೇ ಕಥೆ ಹೇಳುವ ಬ್ಯಾಲೆ, 'ಲಾ ಬಯದೇರ್', ಅಂದರೆ ದೇವದಾಸಿ. ರಷ್ಯದಲ್ಲಿ ಹುಟ್ಟಿದ ಈ ಭಾರತದ ಕಥೆಯನ್ನು ಹೆಸರಾಂತ ನರ್ತಕ ರುಡಾಲ್ಫ್ ನುರಿಯೇವ್ 1992ರ ಅಕ್ಟೋಬರ್‌ನಲ್ಲಿ ಇಲ್ಲಿ ಪೂರ್ತಿಯಾಗಿ ಆಡಿಸಿದ. ಆಗ ಅವನಿಗೆ ನಿಲ್ಲಲೂ ತ್ರಾಣವಿರಲಿಲ್ಲ. ಮೂರು ತಿಂಗಳಲ್ಲಿ ತೀರಿಕೊಂಡ.

ನೆಲಮಾಳಿಗೆಯಲ್ಲಿ ಹಾಡುಗಳನ್ನು ಹೂತಿಟ್ಟಿದ್ದರು ಎಂಬುದು ಕಟ್ಟುಕಥೆಯೇ?

ಪೂರಾ ನಿಜ. 1907ರ ಡಿಸೆಂಬರ್ 24ರಂದು ಗ್ರಾಮಫೋನ್ ಕಂಪನಿಯವರು ಆ ಕಾಲದ ದೊಡ್ಡ ಗಾಯಕರ 24 ತಟ್ಟೆಗಳನ್ನು ಲೋಹದ ಪಾತ್ರೆಗಳಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿ, ನೂರು ವರ್ಷ ತೆರೆಯಬಾರದೆಂಬ ಷರತ್ತಿನೊಂದಿಗೆ ಇಲ್ಲಿನ ನೆಲಮಾಳಿಗೆಯಲ್ಲಿ ಇಟ್ಟರು. 1912ರಲ್ಲಿ ಇನ್ನಷ್ಟು ತಟ್ಟೆಗಳು ಅವುಗಳ ಜೊತೆ ಸೇರಿದವು. ಗಡುವು ಮುಗಿದ ಮೇಲೆ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಅವನ್ನು ತೆರೆಸಿತು.

ಇದೇ ಕಂಪನಿ 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಮುದ್ರಿಸಿಕೊಂಡಿತ್ತು. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಪ್ಯಾರಿಸ್‌ನ ಪೆಟ್ಟಿಗೆಯಲ್ಲಿ ಆಕೆಯ ದನಿ ಇರಲಿಲ್ಲ, ಆದರೂ ಆ ನೆಲಮಾಳಿಗೆಯ ಮಾತು ಬಂದಾಗಲೆಲ್ಲ ನನಗೆ ಆಕೆ ನೆನಪಾಗುತ್ತಾಳೆ.

ಮಾಡಿನ ಮೇಲೆ ಜೇನು ಸಾಕುತ್ತಾರೆಯೇ?

1980ರ ದಶಕದಲ್ಲಿ ರಂಗಪರಿಕರ ವಿಭಾಗದ ನೌಕರನೊಬ್ಬ ಜೇನುಪೆಟ್ಟಿಗೆ ತಂದಿಟ್ಟ. ಊರಿನ ಉದ್ಯಾನಗಳ, ಬೀದಿ ಮರಗಳ ಹೂವು ಹುಳಗಳಿಗೆ ಸಾಕಾಯಿತು. ಒಪೆರಾ ಜೇನು ಎಂದೇ ಅದು ಮಾರಾಟವಾಗುತ್ತಿತ್ತು.

ಎದುರಿನ ಅಗಲ ರಸ್ತೆಯಲ್ಲಿ ಒಂದು ಮರವೂ ಇಲ್ಲವಲ್ಲ?

ಇರಬಾರದೆಂದು ಗಾರ್ನಿಯೇಯೇ ಕೇಳಿಕೊಂಡಿದ್ದ, ತನ್ನ ಕಟ್ಟಡದ ಮುಖ ಮರೆಯಾಗುತ್ತದೆ ಎಂದು. ಪ್ಯಾರಿಸ್‌ನ ದೊಡ್ಡ ರಸ್ತೆಗಳಲ್ಲೆಲ್ಲ ಸಾಲುಮರಗಳು, ಇಲ್ಲಿ ಮಾತ್ರ ಬೋಳು. ಸುತ್ತ ಎತ್ತರದ ಮನೆಗಳನ್ನು ಎಬ್ಬಿಸಿ ಕಟ್ಟಡವನ್ನು ಇಕ್ಕಟ್ಟಿಗೆ ಸಿಕ್ಕಿಸಿದ ನಗರಾಡಳಿತದ ಓಸ್ಮಾನ್ ಮೇಲೆ ಅವನಿಗೆ ಸಿಟ್ಟಿತ್ತು. ರಸ್ತೆ ಪೂರ್ಣವಾಗುವ ಹೊತ್ತಿಗೆ 1879 ಆಗಿತ್ತು.

ಈಗಲೂ ಅಲ್ಲಿ ಒಪೆರಾ ನಡೆಯುತ್ತದೆಯೇ? ಯಾವ ಟಿಕೆಟ್ ಕೊಳ್ಳಬೇಕು?

ದೊಡ್ಡ ಒಪೆರಾಗಳು ಬಹುಪಾಲು ಬಾಸ್ತೀಯ್‌ಗೆ ಹೋಗಿವೆ. ಇಲ್ಲಿ ಬ್ಯಾಲೆ ಹೆಚ್ಚು, ನಡುನಡುವೆ ಒಪೆರಾ. ಹಗಲಿನಲ್ಲಿ ಕಟ್ಟಡ ನೋಡಲು ಬೇರೆ ಟಿಕೆಟ್ ಇದೆ. ತಾಲೀಮು ನಡೆಯುತ್ತಿದ್ದರೆ ಸಭಾಂಗಣವನ್ನು ಮುಚ್ಚಿರುತ್ತಾರೆ, ಶಗಾಲ್ ಚಿತ್ರ ಕಾಣುವುದಿಲ್ಲ. ಹೊರಡುವ ಮೊದಲು ಒಪೆರಾದ ಅಧಿಕೃತ ತಾಣದಲ್ಲಿ ಆ ದಿನದ ಸ್ಥಿತಿ ನೋಡಿಕೊಳ್ಳಿ.

ಪ್ರದರ್ಶನಕ್ಕೆ ಹೋಗುವುದಾದರೆ ಒಂದು ಎಚ್ಚರಿಕೆ. ಪಕ್ಕದ ಬಾಕ್ಸ್‌ಗಳ ಹಿಂದಿನ ಕುರ್ಚಿಗಳು ಅಗ್ಗ. ನಾನೂ ಅಗ್ಗವೆಂದು ಕೊಂಡು, ಎರಡು ಗಂಟೆ ಕತ್ತು ಚಾಚಿ, ಅರ್ಧ ರಂಗ ಮತ್ತು ಎದುರು ಬಾಕ್ಸಿನಲ್ಲಿ ತೂಕಡಿಸುತ್ತಿದ್ದ ಅಜ್ಜನೊಬ್ಬನನ್ನು ನೋಡಿ ಬಂದೆ. ಅಜ್ಜ ಮಾತ್ರ ಬಹಳ ಸ್ಪಷ್ಟವಾಗಿ ಕಾಣುತ್ತಿದ್ದ. ಕುದುರೆ ಲಾಳದ ಸಭಾಂಗಣವನ್ನು ಕಟ್ಟಿದ್ದೇ ಹಾಗೆ ಕಾಣಲೆಂದು ಎಂಬುದು ನನಗೆ ಹೊಳೆದದ್ದು ಅಂದೇ.

ಗಾರ್ನಿಯೇ ಹೆಸರು ಕಟ್ಟಡದ ಮೇಲೆ ಎಲ್ಲಾದರೂ ಇದೆಯೇ?

ಸಭಾಂಗಣದ ಕೆಳಗೆ ದುಂಡಗಿನ ಹಜಾರವೊಂದಿದೆ. ಪೂರ್ವದ ಬಾಗಿಲಿನಿಂದ ಸಾರೋಟಿನಲ್ಲಿ ಬಂದಿಳಿದ ಬಾಕ್ಸ್‌ಗಳ ಒಡೆಯರು ಅಲ್ಲಿ ಕೋಟು ಸರಿಪಡಿಸಿಕೊಂಡು ಮೆಟ್ಟಿಲ ಕಡೆ ನಡೆಯುತ್ತಿದ್ದರು. ಅದರ ಚಾವಣಿಯ ನಡುವೆ ಬಳ್ಳಿ ಹೆಣೆದಂತೆ ಒಂದು ಕುಸುರಿ ಇದೆ, ಬರಿದೇ ಅಲಂಕಾರವೆಂದು ದಾಟಿ ಹೋಗುವಂಥದ್ದು. ಕತ್ತೆತ್ತಿ, ಒಂದು ಸುತ್ತು ತಿರುಗಿ, ನಿಧಾನವಾಗಿ ಓದಿದರೆ ಆ ಬಳ್ಳಿಗಳು ಅಕ್ಷರಗಳಾಗುತ್ತವೆ: ಜಾನ್ ಲೂಯಿ ಶಾರ್ಲ್ ಗಾರ್ನಿಯೇ, 1861-1875.